ಬಣ್ಣದ ಮಾವನೂ ವಾರಸುದಾರರಿಲ್ಲದ ಕಾರೂ

ನಮ್ಮ ಬೀದಿಯ ಕೊನೆಯಲ್ಲಿ ತಗಡಿನ ಶೆಡ್ಡು ಹಾಕಿಕೊಂಡು ಮೂವತ್ತು ವರ್ಷ ಕಾರುಗಳಿಗೆ ಬಣ್ಣ ಹೊಡೆದವನನ್ನು ಎಲ್ಲರೂ ಬಣ್ಣದ ಮಾವ ಅನ್ನುತ್ತಾರೆ. ನನಗಿಂತ ನಾಲ್ಕು ವರ್ಷ ಚಿಕ್ಕವನು. ಆದರೂ ನಾನೂ ಹಾಗೇ ಕರೆಯುತ್ತೇನೆ. ಉಗುರಿನಷ್ಟು ಬಣ್ಣದ ಚಕ್ಕೆ ಅಂಗೈ ಮೇಲಿಟ್ಟರೆ ಸಾಕು, ಎಷ್ಟು ಹನಿ ಕಪ್ಪು, ಎಷ್ಟು ಹನಿ ಹಳದಿ ಬೇಕು ಅಂತ ನಿಂತಲ್ಲೇ ಹೇಳುವ ಕಣ್ಣು ಅವನದು. ಊರವರ ಕಾರುಗಳನ್ನು ಮಿರಮಿರ ಮಿಂಚಿಸಿ, ತಾನು ಮಾತ್ರ ಸೈಕಲ್ಲು ತುಳಿದುಕೊಂಡು ಮನೆಗೆ ಹೋಗುತ್ತಿದ್ದ.

ಹನ್ನೊಂದು ವರ್ಷದ ಹಿಂದೆ ಒಬ್ಬ ಸಭ್ಯ ಮನುಷ್ಯ ಬೂದು ಬಣ್ಣದ ಕಾರು ತಂದು, ಎಡಬಾಗಿಲಿನ ಗೀರು ತೋರಿಸಿ, ಕೀ ಕೈಗಿಟ್ಟು, "ನಾಳಿದ್ದು ಬರ್ತೀನಿ" ಅಂದು ಹೋದ. ಆ ನಾಳಿದ್ದು ಬರಲೇ ಇಲ್ಲ. ಫೋನೂ ಹೋಗಲಿಲ್ಲ. ಎರಡು ವರ್ಷ ಮಾವ ಕಾರಿಗೆ ಹಳೇ ದುಪ್ಪಟಿ ಹೊದಿಸಿ ಹಸುಗೂಸಿನ ಹಾಗೆ ಕಾಪಾಡಿದ. ಮೂರನೇ ವರ್ಷ ಯಾರೋ ಗಿರಾಕಿ, "ಈ ನೀಲಿ ಒಣಗಿದ ಮೇಲೆ ಹೇಗೆ ಕಾಣುತ್ತೆ, ತೋರಿಸು" ಅಂತ ಪಟ್ಟು ಹಿಡಿದ. ಮಾವ ಆ ಕಾರಿನ ಬಾನೆಟ್ಟಿಗೇ ಒಂದು ಕೈ ಹೊಡೆದು ತೋರಿಸಿದ. ಅಲ್ಲಿಂದ ಶುರುವಾಯಿತು. ಒಂದು ಬಾಗಿಲು ಗಿಳಿಹಸಿರು, ಇನ್ನೊಂದು ಇಟ್ಟಿಗೆ ಕೆಂಪು, ಡಿಕ್ಕಿ ಹಳದಿ. ಬೇರೆ ಪೇಂಟರುಗಳ ಹತ್ತಿರ ಮಾದರಿಯ ಪುಸ್ತಕ ಇತ್ತು. ಇವನ ಹತ್ತಿರ ಮಾದರಿಯ ಕಾರೇ ಇತ್ತು.

ಈ ವರ್ಷ ಜಾಗದ ಮಾಲೀಕ, ನಾಲ್ಕು ತಿಂಗಳಲ್ಲಿ ಶೆಡ್ಡು ಖಾಲಿ ಮಾಡು ಅಂದ. ಮಾವನ ಹೆಂಡತಿ ಮಂಡಿ ನೋವಿನಿಂದ ಬಸ್ಸಿನ ಮೆಟ್ಟಿಲು ಹತ್ತಲಾರದೆ ಎರಡು ವರ್ಷದಿಂದ ಮನೆ ಹಿಡಿದಿದ್ದಳು. ಪಕ್ಕದ ಊರಿನಲ್ಲಿದ್ದ ಒಬ್ಬಳೇ ತಂಗಿಯ ಮುಖ ನೋಡಿರಲಿಲ್ಲ. ಪಕ್ಕದ ಗ್ಯಾರೇಜಿನ ಮೆಕ್ಯಾನಿಕ್ಕು ಆ ಕಾರಿನ ಎಂಜಿನ್ನು ನೋಡಿ ಹೇಳಿದ: "ಗಟ್ಟಿಯಾಗಿದೆ ಮಾವ. ನಿನ್ನ ಹೆಸರಿಗೆ ಮಾಡಿಸಿಕೊಂಡ್ರೆ ಅತ್ತೇನ ಕೂರಿಸಿಕೊಂಡು ಹೋಗಬಹುದು. ಇಲ್ಲಾಂದ್ರೆ ಗುಜರಿಯವನು ಎತ್ತಿಕೊಂಡು ಹೋಗ್ತಾನೆ."

ಅಂದಿನಿಂದ ಮಾವನ ಚಪ್ಪಲಿ ಸವೆಯಿತು. ಸಾರಿಗೆ ಕಚೇರಿಯ ದಾಖಲೆಯಲ್ಲಿದ್ದ ವಿಳಾಸಕ್ಕೆ ರಿಜಿಸ್ಟರ್ಡ್ ಕಾಗದ ಹಾಕಿದ. ಅಲ್ಲಿ ಅಂಥವರಿಲ್ಲ ಎಂಬ ಷರಾ ಹೊತ್ತು ವಾಪಸ್ಸು ಬಂತು. ಕದ್ದ ಮಾಲಲ್ಲ ಅಂತ ಪೊಲೀಸರಿಂದ ಬರೆಸಿಕೊಂಡ. ಪೇಪರಿನಲ್ಲಿ ಪ್ರಕಟಣೆ ಕೊಟ್ಟು ಮೂವತ್ತು ದಿನ ಕಾದ. ಒಂದು ನರಪಿಳ್ಳೆಯೂ ಬರಲಿಲ್ಲ. ಉಳಿದದ್ದು ಕೋರ್ಟಿನ ಆದೇಶ.

ಲಾಯರಮ್ಮನ ಕೋಣೆಗೆ ನನ್ನನ್ನೂ ಕರೆದುಕೊಂಡು ಹೋದ. ಅಫಿಡವಿಟ್ಟನ್ನು ನಾನೇ ಓದಿ ಹೇಳಿದೆ. ಮೂರನೇ ಸಾಲು ಹೀಗಿತ್ತು: ವಾಹನವನ್ನು ಮಾಲೀಕರು ಬಿಟ್ಟುಹೋದ ಸ್ಥಿತಿಯಲ್ಲೇ ಕಾಪಾಡಿಕೊಂಡು ಬಂದಿರುತ್ತೇನೆ. ಮಾವ ಪೆನ್ನು ಕೆಳಗಿಟ್ಟ.

"ಇದು ಸುಳ್ಳಮ್ಮ."

"ಎಲ್ಲರೂ ಹಾಕೋ ಸಾಲು ಅದು. ಜಡ್ಜು ನಿಮ್ಮ ಶೆಡ್ಡಿಗೆ ಬಂದು ನೋಡ್ತಾರಾ?"

"ಅವರು ನೋಡಲ್ಲ. ಆ ಮನುಷ್ಯ ಬಂದು ನೋಡಿದ್ರೆ?"

"ಹನ್ನೊಂದು ವರ್ಷ ಬರದವರು ಈಗ ಬರ್ತಾರಾ?"

ಮಾವ ಎದ್ದೇಬಿಟ್ಟ. ಮನೆಯಲ್ಲಿ ಹೆಂಡತಿ ಮೂಗು ಮುರಿದಳು. "ಊರ ಕಾರಿಗೆಲ್ಲ ಬಣ್ಣ ಹಚ್ಚಿದವರಿಗೆ ಒಂದು ಸುಳ್ಳಿಗೆ ಬಣ್ಣ ಹಚ್ಚೋಕೆ ಬರಲ್ವೇನ್ರೀ?"

"ಹಚ್ಚಬಹುದು ಕಣೇ. ಆಮೇಲೆ ಅದೇ ಕಾರಲ್ಲಿ ನಿನ್ನ ಪಕ್ಕ ಕೂತು ಓಡಿಸಬೇಕಲ್ಲ."

ಮಾರನೇ ದಿನದಿಂದ ಉಜ್ಜು ಕಾಗದ ಹಿಡಿದು ಕೂತ. ಒಂಬತ್ತು ದಿನ ಉಜ್ಜಿದ. ನೀಲಿ ಹೋಯಿತು, ಕೆಂಪು ಹೋಯಿತು. ಎಡಬಾಗಿಲಿನ ಹಸಿರು ತೆಗೆದವನು ನನ್ನನ್ನು ಕೂಗಿ ಕರೆದ. ಹಸಿರಿನ ಅಡಿಯಲ್ಲಿ ಗೇಣುದ್ದದ ಗೀರು ಹಾಗೇ ಇತ್ತು. ಪುಟ್ಟಿ ತುಂಬದೆ, ಮೇಲೇ ಬಣ್ಣ ಹೊಡೆದುಬಿಟ್ಟಿದ್ದ.

"ಅವನು ಹೇಳಿದ್ದು ಇದೊಂದೇ ಕೆಲಸ," ಅಂದ. "ಬಿಟ್ಟು ಹೋದ, ಬಿಟ್ಟು ಹೋದ ಅಂತ ಇಷ್ಟು ವರ್ಷ ಬೈದೆ. ಇದನ್ನ ಬಿಟ್ಟವನು ನಾನೇ ಅಲ್ವಾ?"

ಅವತ್ತೇ ಮಾವ ಗೀರು ತುಂಬಿದ, ಪೆಟ್ರೋಲು ಮುಚ್ಚಳದ ಒಳಗೆ ಉಳಿದಿದ್ದ ಹಳೇ ಬೂದು ನೋಡಿ ಬಣ್ಣ ಕಲಸಿದ. ಕಾರು ಮತ್ತೆ ಆ ಮನುಷ್ಯನ ಕಾರಿನಂತೆಯೇ ನಿಂತಿತು. ಹೊಸ ಅಫಿಡವಿಟ್ಟಿನಲ್ಲಿ ಮಾದರಿ ತೋರಿಸಲು ಬಳಸಿದ್ದು, ಗೀರು ಮರೆತದ್ದು, ಎಲ್ಲ ಬರೆಸಿದ.

ಜಡ್ಜು ಕನ್ನಡಕ ತೆಗೆದರು. "ನೀವು ಹೇಳದಿದ್ದರೆ ಇದು ಯಾರಿಗೆ ಗೊತ್ತಾಗುತ್ತಿತ್ತು?"

"ಉಜ್ಜುವಾಗ ನನಗೆ ಗೊತ್ತಾಯ್ತಲ್ಲ, ಸ್ವಾಮಿ."

ಇನ್ನೊಬ್ಬರ ಕಾರನ್ನು ಬಳಸಿದ್ದನ್ನು ಒಪ್ಪಿಕೊಂಡದ್ದರಿಂದ ಇನ್ನೊಂದು ಪ್ರಕಟಣೆ, ಇನ್ನೊಂದು ತಿಂಗಳು ಕಾಯಿರಿ ಅಂದರು. ಮನೆಯಲ್ಲಿ ಹೆಂಡತಿ ಎರಡು ದಿನ ಪಾತ್ರೆ ಕುಕ್ಕಿದಳು. ಅಂತೂ ಶೆಡ್ಡಿನ ತಗಡು ಬಿಚ್ಚುವ ವಾರವೇ ಆದೇಶ ಕೈಗೆ ಸಿಕ್ಕಿತು: ಕಾರು ಮಾವನ ಹೆಸರಿಗೆ, ಒಂದು ವರ್ಷದೊಳಗೆ ಹಳೇ ಮಾಲೀಕ ಬಂದು ಕೇಳಿದರೆ ತಿರುಗಿ ಕೊಡಬೇಕು.

"ಹಾಗಾದ್ರೆ ನಮ್ಮದೋ, ಅವರದೋ?" ಅಂತ ಹೆಂಡತಿ ಬಾಗಿಲಲ್ಲೇ ನಿಂತು ಕೇಳಿದಳು.

"ಸದ್ಯಕ್ಕೆ ನಮ್ಮದು. ಹತ್ತು."

ಹಿಂದಿನ ಸೀಟಿನಲ್ಲಿ ನಾನು, ಮುಂದೆ ಅವರಿಬ್ಬರು. ಹಿಂದಿನಿಂದ ಬಂದವರೆಲ್ಲ ಹಾರ್ನು ಹೊಡೆದು ಬೈದು ಮುಂದೆ ಹೋದರು. ಮಾವ ಎತ್ತಿನಗಾಡಿಯ ವೇಗ ಬಿಡಲಿಲ್ಲ. ತಂಗಿಯ ಬೀದಿಗೆ ತಿರುಗಿದಾಗ ಮನೆಯ ಮುಂದೆ ಯಾರೂ ಇರಲಿಲ್ಲ. ಮಾವ ಬ್ರೇಕು ಒತ್ತಿ, ಇಳಿದು ಬಂದು, ಹೆಂಡತಿಯನ್ನು ಇಳಿಸಲು ಕೈ ಚಾಚಿದ. ಅವಳು ಇಳಿಯಲಿಲ್ಲ.

"ತಡೀರಿ. ಅವಳು ಹೊರಗೆ ಬರಲಿ, ನಾನು ಕಾರಿಂದ ಇಳಿಯೋದು ನೋಡಲಿ. ಅಲ್ಲೀವರೆಗೂ ಇನ್ನೊಂದು ಸುತ್ತು ಹೋಗೋಣ."