ಒಂದೇ ಹಡಗಿನ ಸಿನಿಮಾ

ಮೊನ್ನೆ ಬೊಂಬಾಯಿಯ ಮಲಾಡಿನ ನಮ್ಮ ಫ್ಲ್ಯಾಟಿನ ಲಾಫ್ಟ್ ಖಾಲಿ ಮಾಡುವಾಗ ಹಳೆಯ ವಿಡಿಯೊ ಕ್ಯಾಸೆಟ್ ಒಂದು ಕೈಗೆ ಸಿಕ್ಕಿತು. ಮೂಗಿನ ಹತ್ತಿರ ಹಿಡಿದೆ. ಹಳೇ ಪ್ಲಾಸ್ಟಿಕ್ಕು, ಧೂಳು, ಸಣ್ಣಗೆ ಮುಗ್ಗಲು. ಅಷ್ಟಕ್ಕೇ ಆಂಟಾಪ್ ಹಿಲ್‌ನ ನಮ್ಮ ಹಳೇ ಸರ್ಕಾರಿ ಕ್ವಾರ್ಟರ್ಸಿನ ಹಾಲ್, ಕಿಟಕಿಗೆ ಬೆಡ್‌ಶೀಟ್ ಕಟ್ಟಿ ಕತ್ತಲು ಮಾಡಿದ ಭಾನುವಾರದ ಮಧ್ಯಾಹ್ನಗಳು, ಅಡುಗೆಮನೆಯಿಂದ ಬರುತ್ತಿದ್ದ ಹುಳಿಯ ಘಮ ಎಲ್ಲವೂ ಬಂದು ಪಕ್ಕದಲ್ಲಿ ಕೂತವು. ಆಗೆಲ್ಲ ವಿಸಿಆರ್ ಬಾಡಿಗೆಗೆ ತರುತ್ತಿದ್ದ ಕಾಲ, ನಿಮಗೂ ನೆನಪಿರಬಹುದು. ಅಮ್ಮನಿಗೆಂದು ಒಂದು ಹಿಂದಿ ಸಿನಿಮಾ ತಂದರೆ, ಯಾರೂ ಒಯ್ಯದ ಇಂಗ್ಲಿಷಿನ ಹಳೇ ಅಂತರಿಕ್ಷದ ಸಿನಿಮಾ ಒಂದನ್ನು ಅಂಗಡಿಯವನು ಕೊಸರು ಹಾಕುತ್ತಿದ್ದ. ಎಂಥ ಬಡಪಾಯಿ ಸಿನಿಮಾಗಳು ಅವು! ರಾಕೆಟ್ಟನ್ನು ಇಳಿಬಿಟ್ಟ ದಾರ ಎದ್ದು ಕಾಣುತ್ತಿತ್ತು. ಯಾರಾದರೂ ಒರಗಿದರೆ ಮಂಗಳ ಗ್ರಹದ ಬಂಡೆಯೇ ಹಿಂದಕ್ಕೆ ಸರಿಯುತ್ತಿತ್ತು. ನಾನು ಬಿದ್ದು ಬಿದ್ದು ನಗುತ್ತಿದ್ದೆ. ಅಜ್ಜಿ ಮಾತ್ರ ನಗುತ್ತಿರಲಿಲ್ಲ. "ಪಾಪ, ಇರೋದ್ರಲ್ಲೇ ಎಷ್ಟು ಅಚ್ಚುಕಟ್ಟಾಗಿ ಮಾಡಿದಾರೆ ನೋಡೇ," ಅನ್ನುತ್ತಿದ್ದಳು.

ಅಜ್ಜಿ ಎಂದರೆ ಅಪ್ಪನ ತಾಯಿ. ಆಕೆಯ ಕಿರಿಮಗ, ನನ್ನ ಚಿಕ್ಕಪ್ಪ, ಸರಕಿನ ಹಡಗಿನಲ್ಲಿ ಕೆಲಸಕ್ಕಿದ್ದವನು. ಐದು ತಿಂಗಳಿಂದ ಅವನ ಕಾಗದವಿರಲಿಲ್ಲ, ಹಡಗಿನ ಸುದ್ದಿಯೂ ಇರಲಿಲ್ಲ. ಹಡಗು ಬಂದರೆ ಬೊಂಬಾಯಿಗೇ ತಾನೆ ಬರುವುದು ಎಂದು ಅಜ್ಜಿ ಮೈಸೂರಿನ ಮನೆಗೆ ಬೀಗ ಹಾಕಿ ನಮ್ಮಲ್ಲಿಗೆ ಬಂದುಬಿಟ್ಟಿದ್ದಳು. ಇಂಗ್ಲಿಷ್ ಬಾರದ ಆಕೆಗಾಗಿ ಅಪ್ಪ ಟೀವಿಯ ದನಿ ತಗ್ಗಿಸಿ ಕತೆಯನ್ನು ಕನ್ನಡದಲ್ಲಿ ಹೇಳುತ್ತಿದ್ದರು. ಅಪ್ಪನದು ಆಫೀಸಿನ ಫೈಲಿನ ಇಂಗ್ಲಿಷು, ಆ ಜನರ ಮಾತು ಅರ್ಧಕ್ಕರ್ಧ ತಿಳಿಯುತ್ತಿರಲಿಲ್ಲ; ಬಾಯಿಗೆ ಬಂದದ್ದು ಸೇರಿಸಿಬಿಡುತ್ತಿದ್ದರು. ಕ್ಯಾಪ್ಟನ್ ಗಂಟಲು ಹರಿದುಕೊಂಡು ಕೂಗಿದರೆ, "ಸಾಹೇಬ್ರು ಕಾಫಿ ಕೇಳ್ತಿದಾರಮ್ಮ." ಕಾನ್ವೆಂಟಿನಲ್ಲಿ ಓದುವ ಜಂಬದ ಹುಡುಗಿ ನಾನು, ಸುಮ್ಮನಿರುತ್ತೇನೆಯೇ? "ಅಪ್ಪಾ, ಪೂರಾ ರಾಂಗ್. ಇಂಜಿನ್‌ಗೆ ಬೆಂಕಿ ಬಿದ್ದಿದೆ." ಹೀಗಾಗಿ ಅಜ್ಜಿ ಪ್ರತಿಯೊಂದಕ್ಕೂ ನನ್ನ ಕಡೆ ತಿರುಗುತ್ತಿದ್ದಳು: "ಹೌದೇನೇ ಪುಟ್ಟಿ?" ನಾನು ಹೂಂ ಅಂದರೆ ಮಾತ್ರ ಅದು ನಿಜ.

ಒಂದು ಭಾನುವಾರದ ಸಿನಿಮಾದಲ್ಲಿ ರಿಪೇರಿಗೆಂದು ಅಂತರಿಕ್ಷದ ಹಡಗಿನಿಂದ ಹೊರಗಿಳಿದ ಹುಡುಗನೊಬ್ಬನ ಹಗ್ಗ ಹರಿದುಹೋಯಿತು. ಅವನು ದೂರ ಸರಿಯುತ್ತ ಸಾಸಿವೆಯಷ್ಟಾದ. ಒಳಗಿದ್ದವರು ಟೋಪಿ ತೆಗೆದು ನಿಂತರು. ಅಪ್ಪ ಕತೆ ನಿಲ್ಲಿಸಿ ತಲೆ ತಗ್ಗಿಸಿದರು. ಅಜ್ಜಿ ನನ್ನ ಮೊಣಕೈ ಹಿಡಿದುಕೊಂಡಳು. "ಪುಟ್ಟಿ, ಆ ಹುಡುಗ ಏನಾದ?" ಇನ್ನು ಅವನನ್ನು ಕರೆತರುವ ದಾರಿಯಿಲ್ಲ ಎಂದು ಕ್ಯಾಪ್ಟನ್ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತ್ತು. "ಹಿಂದೆ ಇನ್ನೊಂದು ಹಡಗು ಬರ್ತಿದೆ ಅಜ್ಜಿ. ಅವ್ರು ಹತ್ತಿಸ್ಕೋತಾರಂತೆ," ಅಂದೆ. ಅಪ್ಪ ತಲೆಯೆತ್ತಲಿಲ್ಲ. ಸಿನಿಮಾ ಮುಗಿಯಿತು. ಇನ್ನೊಂದು ಹಡಗು ಬರಲೇ ಇಲ್ಲ. ಅಜ್ಜಿ ಖಾಲಿ ಪರದೆಯನ್ನೇ ನೋಡುತ್ತ ಕೂತಿದ್ದಳು.

"ಬರ್ಲೇ ಇಲ್ವಲ್ಲೇ?"

"ಬಂತು ಅಜ್ಜಿ. ಎರಡನೇ ಹಡಗು ಮಾಡಿ ತೋರಿಸೋಕೆ ಅವ್ರ ಹತ್ರ ದುಡ್ಡಿರ್ಲಿಲ್ಲ, ಅಷ್ಟೇ."

ಅಜ್ಜಿ, "ಹೌದು, ಪಾಪ, ಇಲ್ಲದವರು," ಅಂದು ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು, ಎಷ್ಟೋ ತಿಂಗಳ ಮೇಲೆ ಆ ದಿನ ಹೊಟ್ಟೆ ತುಂಬ ಉಂಡಳು. ಅದನ್ನು ಕಂಡು ಅಮ್ಮ ಒಲೆಯ ಮುಂದೆ ನಿಂತು ಅತ್ತಳು.

ಆ ಸಿನಿಮಾದ ಹೆಸರು ನನಗೆ ನೆನಪಿಲ್ಲ. ಯಾವ ದೇಶದ ಯಾವ ಬಡವರು ಯಾವ ಶೆಡ್ಡಿನಲ್ಲಿ ಅದನ್ನು ಮಾಡಿದರೋ, ಅವರ ಹೊಟ್ಟೆ ತಣ್ಣಗಿರಲಿ. ಅವರ ಕೈ ಬರಿದಾಗಿದ್ದುದರಿಂದಲೇ ಅವತ್ತು ನನ್ನ ಮಾತು ಉಳಿಯಿತು. ಚಿಕ್ಕಪ್ಪ ಬರಲಿಲ್ಲ. ಅಜ್ಜಿ ಇನ್ನೂ ಏಳು ವರ್ಷ ನಮ್ಮೊಂದಿಗಿದ್ದಳು, ನಗುನಗುತ್ತಲೇ ಇದ್ದಳು. ಕಣ್ಣು ಮುಚ್ಚುವ ಹಿಂದಿನ ದಿನ ಅಪ್ಪನ ಕೈ ತಟ್ಟಿ ಹೇಳಿದಳು: "ಅಳಬೇಡ ಕಣೋ. ನಿನ್ ತಮ್ಮನ್ನ ಯಾರೋ ಹತ್ತಿಸ್ಕೊಂಡಿದಾರೆ. ನಮ್ಗೆ ತೋರಿಸೋಕೆ ಅವ್ರಿಗೆ ಆಗ್ಲಿಲ್ಲ, ಅಷ್ಟೇ."

ಅಪ್ಪ ನನ್ನ ಮುಖ ನೋಡಿದರು. ನಾನು ಹೂಂ ಅಂದೆ.