ರದ್ದತಿಯ ಪರ ಮಾತನಾಡಿದ ಭಾವ

ಡೆಟ್ರಾಯಿಟ್ ಸುತ್ತಮುತ್ತಲಿನ ಕಾರ್ಖಾನೆಗಳು ಒಂದೊಂದಾಗಿ ದೀಪ ಆರಿಸುತ್ತಿದ್ದ ವರ್ಷಗಳಲ್ಲಿ ನಮ್ಮ ಕನ್ನಡಿಗರ ಗುಂಪು ಎಲ್ಲದರಲ್ಲೂ ಕಡಿತ ಮಾಡಿತು, ಮಾತಿನಲ್ಲಿ ಮಾತ್ರ ಮಾಡಲಿಲ್ಲ. ಸಂಕ್ರಾಂತಿ ಕೂಟಕ್ಕೆ ಹೋಟೆಲಿನ ಊಟ ತರಿಸುವುದು ನಿಂತು, ಮನೆಗೊಂದು ಅಡುಗೆ ಮಾಡಿ ತರುವ ಏರ್ಪಾಡಾಯಿತು. ಬಾಡಿಗೆಯ ಸಭಾಂಗಣ ಬಿಟ್ಟು ದೇವಸ್ಥಾನದ ನೆಲಮಾಳಿಗೆಗೆ ಇಳಿದೆವು. ಆದರೆ ವಾರ್ಷಿಕ ಚರ್ಚಾಸ್ಪರ್ಧೆಯನ್ನು ಕೈಬಿಡೋಣ ಎಂದು ಯಾರೂ ಬಾಯಿತಪ್ಪಿ ಕೂಡ ಅನ್ನಲಿಲ್ಲ. ಮೈಸೂರು, ಬೆಂಗಳೂರುಗಳ ಕಾಲೇಜುಗಳಲ್ಲಿ ನಾವು ಕಲಿತ ವಿದ್ಯೆಗಳ ಪೈಕಿ ನಮ್ಮ ಬಳಿ ಉಳಿದಿದ್ದದ್ದು ಪರ-ವಿರೋಧ ವಾದಿಸುವುದೊಂದೇ. ಮಿಕ್ಕದ್ದನ್ನೆಲ್ಲ ಕಂಪ್ಯೂಟರೇ ಮಾಡುತ್ತಿತ್ತು. ಅಧ್ಯಕ್ಷರು, ನಿರ್ಣಾಯಕರು, ಗಂಟೆ, ಪರ್ಯಾಯ ಪಾರಿತೋಷಕ, ಯಾವ ವಿಧಿಗೂ ಲೋಪ ಬರುವ ಹಾಗಿರಲಿಲ್ಲ.

ಆ ವರ್ಷದ ವಿಷಯ, 'ದೇಶದ ಹೊಸ ಆರೋಗ್ಯ ವಿಮೆ ಕಾನೂನನ್ನು ರದ್ದುಪಡಿಸಬೇಕು.' ಕಾನೂನು ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಅಷ್ಟರಲ್ಲಿ ಚುನಾವಣೆಯಾಗಿ, ಕೆಳಮನೆ ಎದುರು ಪಕ್ಷದ ಕೈಗೆ ಹೋಗಿ, ಅವರು ಮಾಡುವ ಮೊದಲ ಕೆಲಸವೇ ಇದನ್ನು ಕಿತ್ತುಹಾಕುವುದು ಎಂದು ಟೀವಿ ಹಗಲೂ ರಾತ್ರಿ ಒದರುತ್ತಿತ್ತು. ನಮ್ಮ ಸಂಕ್ರಾಂತಿ ಕೂಟದ ಆಸುಪಾಸಿನಲ್ಲೇ ವಾಷಿಂಗ್ಟನ್ನಿನಲ್ಲಿ ಮತದಾನ. ಸಮಿತಿಯವರಿಗೆ ಇದಕ್ಕಿಂತ ಸಕಾಲಿಕವಾದ ವಿಷಯ ಹೊಳೆಯದೆ ಇದ್ದದ್ದು ಸಹಜ.

ನನಗೆ ಮಾತ್ರ ಅದು ಟೀವಿಯ ವಿಷಯವಾಗಿರಲಿಲ್ಲ. ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿರುವ ನನ್ನ ಅಕ್ಕನ ಒಬ್ಬಳೇ ಮಗಳಿಗೆ ಕಾಲೇಜಿನಲ್ಲಿದ್ದಾಗಲೇ ಕರುಳಿನ ಕಾಯಿಲೆ ಕಾಣಿಸಿಕೊಂಡಿತ್ತು. ಪೂರ್ತಿ ವಾಸಿಯಾಗುವಂಥದ್ದಲ್ಲ. ಆದರೆ ಕೆಲವು ವಾರಗಳಿಗೊಮ್ಮೆ ಆಸ್ಪತ್ರೆಯಲ್ಲಿ ಅರ್ಧ ದಿನ ಕೂತು ಡ್ರಿಪ್ ಹಾಕಿಸಿಕೊಂಡರೆ ಎಲ್ಲರ ಹಾಗೆ ಓಡಾಡಿಕೊಂಡು ಇರಬಹುದು. ಅವಳ ಓದು ಮುಗಿಯುವ ಹೊತ್ತಿಗೆ ಊರಿನಲ್ಲಿ ಕೆಲಸಗಳೂ ಮುಗಿದಿದ್ದವು. ಓದು ಮುಗಿಸಿದ ಮಕ್ಕಳನ್ನು ಅಪ್ಪನ ಕಂಪನಿಯ ವಿಮೆಯಿಂದ ಹೊರಗೆ ಹಾಕುವುದು ಆಗಿನ ಪದ್ಧತಿ. ಸ್ವಂತ ವಿಮೆ ಕೊಡಿ ಎಂದರೆ, ಕಾಯಿಲೆ ಮೊದಲೇ ಇದೆಯಲ್ಲ, ಆಗುವುದಿಲ್ಲ ಎಂದು ಕಂಪನಿಗಳು ವಿನಯದಿಂದ ತಿಳಿಸಿದವು. ಕಾಯಿಲೆ ಇಲ್ಲದವರಿಗೆ ಮಾತ್ರ ಚಿಕಿತ್ಸೆ ಎಂಬ ಈ ಮಹಾತತ್ತ್ವವನ್ನು ಮನಸ್ಸಿಗೆ ಇಳಿಸಿಕೊಳ್ಳಲು ನನ್ನಂಥ ಮಂದಬುದ್ಧಿಯವನಿಗೆ ಬಹಳ ಕಾಲ ಹಿಡಿಯಿತು. ಡ್ರಿಪ್‌ಗಳ ನಡುವಿನ ಅಂತರ ಬೆಳೆಯುತ್ತಾ ಹೋಯಿತು. ಹುಡುಗಿ ಇಳಿಯುತ್ತಾ ಹೋದಳು. ಒಂದು ಬೆಳಿಗ್ಗೆ ಬಾತ್‌ರೂಮಿನ ನೆಲದ ಮೇಲೆ ಬಿದ್ದಿದ್ದವಳನ್ನು ಅಕ್ಕ ಕಂಡಳು. ಆಂಬುಲೆನ್ಸ್ ಬಂತು, ಆಪರೇಷನ್ ಆಯಿತು, ಕರುಳಿನ ಒಂದು ಭಾಗ ಹೋಯಿತು.

ಆಮೇಲೆ ಈ ಕಾನೂನು ಬಂತು. ಇಪ್ಪತ್ತಾರು ವರ್ಷದವರೆಗೆ ಮಕ್ಕಳು ಅಪ್ಪ ಅಮ್ಮಂದಿರ ವಿಮೆಯಲ್ಲೇ ಇರಬಹುದು ಎಂದು ಅದರಲ್ಲೊಂದು ಮಾತಿತ್ತು. ಆ ಒಂದು ಮಾತಿನ ಬಲದಿಂದ ಅವಳಿಗೆ ಮತ್ತೆ ಡ್ರಿಪ್ ಶುರುವಾಯಿತು, ಮುಖಕ್ಕೆ ಬಣ್ಣ ಬಂತು. ರದ್ದತಿ ಎಂದರೆ ಅಕ್ಕನ ಮನೆಯ ಮಟ್ಟಿಗೆ ಮತ್ತೆ ಆ ಬಾತ್‌ರೂಮಿನ ನೆಲ. ಇನ್ನೇನೂ ಅಲ್ಲ.

ಇದು ನಮ್ಮ ಗುಂಪಿನಲ್ಲಿ ಒಂದು ನರಪಿಳ್ಳೆಗೂ ಗೊತ್ತಿರಲಿಲ್ಲ. ಮದುವೆಗೆ ಬಂದ ಹುಡುಗಿ. ನಮ್ಮವರಲ್ಲಿ ಕಾಯಿಲೆ ಎಂದರೆ ಬರೀ ಕಾಯಿಲೆಯಲ್ಲ, ಇಡೀ ವಂಶದ ಮೇಲೆ ಬರೆದ ಷರಾ. ಹತ್ತಿರದ ಆಸ್ಪತ್ರೆಯ ಪ್ರತಿ ಕಾರಿಡಾರಿನಲ್ಲೂ ಒಬ್ಬ ಕನ್ನಡಿಗ ಡಾಕ್ಟರು ಎದುರಾಗುವ ಅಪಾಯವಿದ್ದದ್ದರಿಂದ, ಅದನ್ನು ಬಿಟ್ಟು ಒಹಾಯೊ ಗಡಿಯ ಕಡೆ ಒಂದು ಗಂಟೆ ಡ್ರೈವ್ ಮಾಡಿ ಅವಳನ್ನು ಕರೆದೊಯ್ಯುತ್ತಿದ್ದರು. ಕೇಳಿದವರಿಗೆ ಅವಳು ಯಾವುದೋ ಕೋರ್ಸ್ ಮಾಡುತ್ತಿದ್ದಾಳೆ ಎಂದು ಉತ್ತರ. ಎಂಥ ಕೋರ್ಸ್ ಎಂದರೆ ಅಕ್ಕ ಆನ್‌ಲೈನ್ ಅನ್ನುತ್ತಿದ್ದಳು. ಆನ್‌ಲೈನ್ ಕೋರ್ಸಿಗೆ ಬೆಳಿಗ್ಗೆ ಎದ್ದು ಕಾರಿನಲ್ಲಿ ಎಲ್ಲಿಗೆ ಹೋಗುತ್ತಾರೆ ಎಂದು ಕೇಳುವಷ್ಟು ಕುತೂಹಲ ನಮ್ಮ ಬುದ್ಧಿವಂತರಲ್ಲಿ ಒಬ್ಬರಿಗೂ ಹುಟ್ಟಲಿಲ್ಲ.

ಇಂಥ ಮನೆಯ ಯಜಮಾನರಾದ ನಮ್ಮ ಭಾವ, ಚರ್ಚೆಯಲ್ಲಿ ತಾವು ರದ್ದತಿಯ ಪರ ಮಾತನಾಡುವುದಾಗಿ ಸಮಿತಿಗೆ ತಿಳಿಸಿದರು.

ಸುದ್ದಿ ಕೇಳಿ ನಾನು ಸ್ಟರ್ಲಿಂಗ್ ಹೈಟ್ಸ್‌ನ ನನ್ನ ಆಫೀಸಿನಿಂದ ನೇರವಾಗಿ ಅವರ ಮನೆಗೆ ಹೋದೆ. ಅಕ್ಕ ಅಡುಗೆಮನೆಯಲ್ಲಿ ಸಂಕ್ರಾಂತಿಯ ಎಳ್ಳಿಗೆ ಕೊಬ್ಬರಿ ಹೆಚ್ಚುತ್ತಿದ್ದಳು.

"ಭಾವ, ತಲೆ ನೆಟ್ಟಗಿದೆಯಾ ನಿಮಗೆ?" ಎಂದೆ.

"ನಿಧಾನ ಕಣಯ್ಯ," ಎಂದರು. "ನಾನು ಕಾನೂನಿನ ಪರ ಮಾತಾಡಿದೆ ಅಂತಿಟ್ಕೋ. ಇವನಿಗ್ಯಾಕೆ ಇಷ್ಟೊಂದು ಕಾಳಜಿ, ಮನೇಲಿ ಯಾರಿಗೋ ಏನೋ ಇರಬೇಕು ಅಂತಾರೆ. ರದ್ದಾಗಬೇಕು ಅಂತ ಮಾತಾಡಿದ್ರೆ ಯಾರಿಗೂ ಡೌಟೇ ಬರಲ್ಲ."

"ಮಾತಾಡದೇ ಸುಮ್ಮನೆ ಕೂತ್ಕೊಳ್ಳಿ."

"ಪ್ರತಿ ವರ್ಷ ಕಪ್ ತಗೊಳ್ಳೋನು ಈ ಸಲ ಯಾಕೆ ಸುಮ್ಮನಿದಾನೆ ಅಂತ ಅದನ್ನೂ ಕೇಳ್ತಾರೆ."

ವಾದದಲ್ಲಿ ಲೋಪವಿರಲಿಲ್ಲ. ಕಳ್ಳರು ನುಗ್ಗದಿರಲಿ ಎಂದು ತಮ್ಮ ಮನೆಗೆ ತಾವೇ ಬೆಂಕಿಯಿಡುವ ಯೋಜನೆಯಲ್ಲೂ ಲೋಪವಿರುವುದಿಲ್ಲ. ಇದರ ಹಿಂದೆ ಇನ್ನೊಂದು ಸಂಗತಿಯೂ ಇತ್ತು. ನಿರ್ಣಾಯಕರಾಗಿ ಶಿಕಾಗೋ ಪಕ್ಕದ ಓಕ್ ಬ್ರೂಕ್‌ನಿಂದ ಒಬ್ಬ ಹಿರಿಯರು ಹೆಂಡತಿಯೊಡನೆ ಬರುವವರಿದ್ದರು. ಶಿಕಾಗೋದವರಾದರೆ ಪಕ್ಷಪಾತ ಮಾಡುವುದಿಲ್ಲ ಎಂದು ಭಾವನೇ ಸೂಚಿಸಿದ್ದರು. ಆ ಹಿರಿಯರಿಗೆ ಮದುವೆಯ ವಯಸ್ಸಿನ ಮಗನಿದ್ದಾನೆ, ಜಾತಕಗಳು ಆಗಲೇ ಕೂಡಿ ಬಂದಿವೆ ಎಂಬುದನ್ನು ಸಮಿತಿಗೆ ತಿಳಿಸಿರಲಿಲ್ಲ. ಮದುವೆಗೆ ಮುಂಚೆ ಅವರಿಗೆ ವಿಷಯ ಹೇಳುತ್ತೀರಾ ಎಂದು ಕೇಳಿದೆ. ಸಮಯ ನೋಡಿ ಹೇಳಿದರಾಯಿತು ಎಂದರು ಭಾವ. ಅಕ್ಕ ಹೆಚ್ಚುತ್ತಿದ್ದ ಕೊಬ್ಬರಿಯಿಂದ ತಲೆಯೆತ್ತದೆ, "ಇಬ್ಬರೂ ಮೆತ್ತಗೆ ಮಾತಾಡಿ. ಅವಳು ಮೇಲಿದಾಳೆ," ಎಂದಳು.

ಕೂಟದ ದಿನ ನನಗೆ ಕಾಲಪಾಲಕನ ಹುದ್ದೆ ಒದಗಿತು. ಅರ್ಚಕರಿಂದ ಪೂಜೆಯ ಗಂಟೆಯನ್ನು ಕಡ ತಂದು, ಮೇಜಿನ ಮೇಲಿಟ್ಟುಕೊಂಡು, ಸುಪ್ರೀಂ ಕೋರ್ಟಿನ ಗಾಂಭೀರ್ಯದಿಂದ ಕೂತೆ. ಅಕ್ಕನ ಮಗಳಿಗೆ ರೇಷ್ಮೆ ಸೀರೆ ಉಡಿಸಿ ಎಳ್ಳು ಹಂಚುವ ಕೆಲಸ ಕೊಟ್ಟಿದ್ದರು, ಓಕ್ ಬ್ರೂಕಿನ ಆಂಟಿ ಹತ್ತಿರದಿಂದ ನೋಡಲಿ ಎಂದು.

ಮೊದಲು ರದ್ದತಿಯ ಪರವಾಗಿ ಎದ್ದವರು ನಮ್ಮ ಗುಂಪಿನ ಡಾಕ್ಟರೊಬ್ಬರು. ಇವರ ಬಗ್ಗೆ ಅನ್ಯಾಯವಾಗಿ ಬರೆಯಲಾರೆ. ಯಾರ ಮನೆಯ ಊಟಕ್ಕೆ ಹೋದರೂ ಕೈಯಲ್ಲಿ ತಟ್ಟೆ ಹಿಡಿದೇ ಹತ್ತು ಜನರ ಮೊಣಕಾಲು, ಬೆನ್ನು, ಬಿಪಿ ವಿಚಾರಿಸಿ, ಒಬ್ಬರ ಹತ್ತಿರವೂ ಏನೂ ಮುಟ್ಟದೆ ಔಷಧಿ ಹೇಳುವವರು. ಅಷ್ಟು ಧಾರಾಳದ ಮನುಷ್ಯ ಮೈಕು ಸಿಕ್ಕಿದ್ದೇ ತಡ, ಇದು ಸೋಷಿಯಲಿಸಂ, ಸರ್ಕಾರಕ್ಕೆ ವೈದ್ಯರ ಕೋಣೆಯಲ್ಲೇನು ಕೆಲಸ ಎಂದು ಗುಡುಗಿದರು. ಸರ್ಕಾರಿ ಕಾಲೇಜಿನಲ್ಲಿ ಸರ್ಕಾರದ ದುಡ್ಡಿನಲ್ಲಿ ಡಾಕ್ಟರಾದವರ ಬಾಯಿಂದ ಆ ಮಾತು ಕೇಳಿ, ಅದೇ ದುಡ್ಡಿನಲ್ಲಿ ಎಂಜಿನಿಯರುಗಳಾದ ನಾವೆಲ್ಲ ಚಪ್ಪಾಳೆ ತಟ್ಟಿದೆವು.

ವಿರೋಧವಾಗಿ ಎದ್ದವರು ಧಾರವಾಡದ ಕಡೆಯವರು. ಸ್ಟರ್ಲಿಂಗ್ ಹೈಟ್ಸ್‌ನ ಆಫೀಸಿನಲ್ಲಿ ನನ್ನ ಜೊತೆಯೇ ಇದ್ದು, ಹಿಂದಿನ ವರ್ಷ ಕೆಲಸ ಕಳೆದುಕೊಂಡವರು. ಅವರಿಗೆ ಸಭೆಯ ಭಾಷೆ ಬರುತ್ತಿರಲಿಲ್ಲ. "ಅಲ್ರೀ, ನೌಕರಿ ಹೋದ ದಿನಾನ ವಿಮೇನೂ ಹೋತು. ಜಡ್ಡು ಏನು ನೌಕರಿ ನೋಡಿ ಬರ್ತದೇನ್ರಿ?" ಎಂದು ಕೇಳಿ, ಇನ್ನೇನು ಹೇಳುವುದೆಂದು ತಿಳಿಯದೆ, ಗಂಟೆಗೆ ಬಹಳ ಮುಂಚೆಯೇ ಕೂತುಬಿಟ್ಟರು. ಚಪ್ಪಾಳೆ ಬಿತ್ತು. ಅದರಲ್ಲಿ ಕನಿಕರವೇ ಹೆಚ್ಚಾಗಿತ್ತು.

ಕೊನೆಗೆ ಭಾವ. ಜುಬ್ಬದ ತೋಳು ಸರಿಮಾಡಿಕೊಂಡು, ಅಧ್ಯಕ್ಷರಿಗೆ, ನಿರ್ಣಾಯಕರಿಗೆ, ಮಾತೆಯರಿಗೆ ಕ್ರಮವಾಗಿ ವಂದಿಸಿ ಶುರುಮಾಡಿದರು. ಚೆನ್ನಾಗಿ ಮಾತನಾಡಿದರು, ಸಿಟ್ಟಿನಲ್ಲೂ ನಾನು ಅದನ್ನು ಒಪ್ಪಬೇಕು. ಸ್ವಾವಲಂಬನೆ, ದುಡಿಮೆ, ಸಾಲದ ಹೊರೆ ಎಲ್ಲವೂ ಸಾಲಾಗಿ ಬಂದವು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಸಭೆ ನಗಬೇಕೆಂಬ ಚಪಲ ಹಳೆಯ ವಾದಿಗಳನ್ನು ಬಿಡುವುದಿಲ್ಲ.

"ಇಪ್ಪತ್ತಾರು ವರ್ಷದ ತನಕ ಅಪ್ಪನ ವಿಮೆ!" ಎಂದರು. "ಆ ವಯಸ್ಸಿಗೆ ನಮ್ಮಪ್ಪ ಮೂರು ಮಕ್ಕಳ ತಂದೆ. ಈಗಿನ ಮಕ್ಕಳಿಗೆ ಅಪ್ಪನ ಸೋಫಾ ಬೇಕು, ಅಪ್ಪನ ರಿಮೋಟ್ ಬೇಕು, ಮೇಲೆ ಅಪ್ಪನ ಇನ್ಶೂರೆನ್ಸೂ ಬೇಕು. ಹೀಗೆ ಸಾಕಿದ್ರೆ ಅವರು ಏಳೋದು ಯಾವಾಗ ಸ್ವಾಮೀ?"

ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಓಕ್ ಬ್ರೂಕಿನ ಹಿರಿಯರು ಕನ್ನಡಕ ತೆಗೆದು ಕಣ್ಣೊರಸಿಕೊಂಡರು. ಎಳ್ಳಿನ ತಟ್ಟೆ ಹಿಡಿದು ಗೋಡೆಯ ಪಕ್ಕ ನಿಂತಿದ್ದ ಅಕ್ಕನ ಮಗಳು ನಗಲಿಲ್ಲ.

ಭಾಷಣದ ನಂತರ ಸಭಿಕರ ಪ್ರಶ್ನೆಗೆ ಅವಕಾಶ ಕೊಡುವುದು ನಮ್ಮ ನಿಯಮ. ಅವಳು ಕೈಯೆತ್ತಿದಳು. ಇಲ್ಲಿ ಹುಟ್ಟಿದ ಮಕ್ಕಳು ಚರ್ಚೆಯಲ್ಲಿ ಪ್ರಶ್ನೆ ಕೇಳಿದ್ದೇ ಇಲ್ಲ; ಅಧ್ಯಕ್ಷರು ಖುಷಿಯಾಗಿ ಅವಳ ಕೈಗೆ ಮೈಕು ಕೊಡಿಸಿದರು. ನಾವು ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲಿ ಉತ್ತರಿಸುವ ಹುಡುಗಿ ಅಂದು ಕನ್ನಡದಲ್ಲೇ, ಒಂದೊಂದೇ ಮಾತನ್ನು ಹುಡುಕಿ ಇಡುತ್ತಾ ಕೇಳಿದಳು.

"ಅಪ್ಪ, ನಂಗೆ ಹಾಸ್ಪಿಟಲಲ್ಲಿ ಡ್ರಿಪ್ ಹಾಕ್ತಾರಲ್ಲ, ಅದು ನಿನ್ನ ಇನ್ಶೂರೆನ್ಸಲ್ಲೇ ತಾನೆ ಬರೋದು? ಈ ಲಾ ಹೋದ್ರೆ ನಾನು ಏನ್ ಮಾಡ್ಲಿ?"

ಭಾವ ನನ್ನ ಕಡೆ ನೋಡಿದರು. ಗಂಟೆ ಬಾರಿಸು ಎಂದು ಆ ನೋಟ ಕೂಗಿ ಹೇಳುತ್ತಿತ್ತು. ಪ್ರಶ್ನೆಯ ವೇಳೆ ಇನ್ನೂ ಬೇಕಾದಷ್ಟು ಉಳಿದಿತ್ತು. ನಾನು ಗಂಟೆಯನ್ನು ತೊಡೆಯ ಮೇಲಿಟ್ಟುಕೊಂಡು ಅದರ ನಾಲಿಗೆಯನ್ನು ಬೆರಳಲ್ಲಿ ಬಿಗಿಯಾಗಿ ಹಿಡಿದುಕೊಂಡೆ.

ಮೊದಲು ಬಾಯಿಬಿಟ್ಟವರು ಡಾಕ್ಟರು. ಕುರ್ಚಿಯಲ್ಲೇ ತಿರುಗಿ, ಯಾವ ಔಷಧಿ, ಎಷ್ಟು ದಿನದಿಂದ ಎಂದು ವಿಚಾರಿಸಿದರು. ಅಭ್ಯಾಸಬಲ. ಆಮೇಲೆ ಧ್ವನಿ ತಗ್ಗಿಸಿ, "ನನಗ್ಯಾಕಮ್ಮಾ ಹೇಳಲಿಲ್ಲ?" ಎಂದರು. ಸರ್ಕಾರ, ಸೋಷಿಯಲಿಸಂ ಯಾವುದೂ ಆ ಗಳಿಗೆಯಲ್ಲಿ ಅವರಿಗೆ ನೆನಪಿದ್ದಂತೆ ಕಾಣಲಿಲ್ಲ.

ಭಾವನಿಂದ ಬಂದ ಉತ್ತರ ಇದು: "ಪ್ರಶ್ನೆ ವೈಯಕ್ತಿಕವಾದದ್ದು. ಚರ್ಚೆಯ ವಿಷಯಕ್ಕೆ ಸಂಬಂಧಪಟ್ಟದ್ದಲ್ಲ."

ಹುಡುಗಿ ಮೈಕನ್ನು ಪಕ್ಕದವರ ಕೈಗೆ ಕೊಟ್ಟಳು. ಅಕ್ಕ ಎದ್ದುಹೋಗಿ, ಮಗಳ ಕೈಯಿಂದ ತಟ್ಟೆ ತೆಗೆದುಕೊಂಡು, ಅವಳ ಪಕ್ಕದಲ್ಲಿ ನಿಂತಳು. ಇಡೀ ಸಭೆಯಲ್ಲಿ ಆ ಹೊತ್ತಿಗೆ ತಕ್ಕಂತೆ ನಡೆದುಕೊಂಡವಳು ಅವಳೊಬ್ಬಳು.

ಮಿಕ್ಕವರು ನಡೆದುಕೊಂಡ ರೀತಿಗೆ ನನ್ನ ಸಿಟ್ಟು ಇವತ್ತಿಗೂ ಆರಿಲ್ಲ. ಅಧ್ಯಕ್ಷರು ಕಾರ್ಯಕ್ರಮವನ್ನು ಮುಂದುವರಿಸಿದರು. ಕಣ್ಣೆದುರಿಗೆ ಕಾನೂನಿನ ಅರ್ಥವೇ ರೇಷ್ಮೆ ಸೀರೆಯುಟ್ಟು ನಿಂತಿದ್ದರೂ, ಸಭಿಕರ ಪ್ರಶ್ನೆಗೆ ಅಂಕವಿಲ್ಲ ಎಂಬ ನಿಯಮಕ್ಕೆ ಬದ್ಧರಾಗಿ ಓಕ್ ಬ್ರೂಕಿನ ಹಿರಿಯರು ವಿಷಯ ಮಂಡನೆ, ಭಾಷಾಶುದ್ಧಿ, ಹಾವಭಾವ ಮೂರರಲ್ಲೂ ಭಾವನೇ ಶ್ರೇಷ್ಠರೆಂದು ಘೋಷಿಸಿ ಪಾರಿತೋಷಕ ಕೊಟ್ಟರು. ಭಾವ ಅದನ್ನು ತೆಗೆದುಕೊಂಡರು. ಫೋಟೋ ಕೂಡ ಆಯಿತು. ಆಮೇಲೆ ನಿರ್ಣಾಯಕ ದಂಪತಿ, ದಾರಿಯಲ್ಲಿ ಸ್ನೋ ಬರುವ ಹಾಗಿದೆ ಎಂದು ಊಟಕ್ಕೂ ನಿಲ್ಲದೆ ಹೊರಟರು. ಹೊರಗೆ ಚಳಿಗಾಲದ ಆಕಾಶ ಒರೆಸಿಟ್ಟ ಗಾಜಿನ ಹಾಗಿತ್ತು. ಮರುದಿನ ಓಕ್ ಬ್ರೂಕ್‌ನಿಂದ ಫೋನು ಬಂತು. ಜಾತಕವನ್ನು ಇನ್ನೊಬ್ಬರಿಗೆ ತೋರಿಸಿದರಂತೆ, ಕೂಡುವುದಿಲ್ಲವಂತೆ. ಕಾಯಿಲೆ ಮೊದಲೇ ಇದ್ದರೆ ವಿಮಾ ಕಂಪನಿ ಕಾರಣವನ್ನಾದರೂ ಬಾಯಿಬಿಟ್ಟು ಹೇಳುತ್ತಿತ್ತು.

ಕೆಳಮನೆಯಲ್ಲಿ ರದ್ದತಿಗೆ ಮತ ಬಿದ್ದ ಮಾರನೆಯ ದಿನ ನಾನು ಕೆಲಸ ಮುಗಿಸಿ ಅಕ್ಕನ ಮನೆಗೆ ಹೋದೆ. ಮೇಲ್ಮನೆಯಲ್ಲಿ ಇದು ನಡೆಯುವುದಿಲ್ಲ ಎಂದು ತಿಳಿದವರು ಹೇಳುತ್ತಿದ್ದರು. ಟೀವಿಯವರು ಮಾತ್ರ ಕಾನೂನನ್ನು ಆಗಲೇ ಮಣ್ಣು ಮಾಡಿ ತಿಥಿಯೂಟಕ್ಕೆ ಕೂತಿದ್ದರು. ಭಾವ ಅಂದು ರಜ ಹಾಕಿದ್ದರು. ಮಗಳು ಅಡುಗೆಮನೆಯ ಮೇಜಿನಲ್ಲಿ ಲ್ಯಾಪ್‌ಟಾಪ್ ತೆರೆದು ಯಾವುದೋ ಕೆಲಸಕ್ಕೆ ಅಪ್ಲೈ ಮಾಡುತ್ತಿದ್ದಳು. ಕೂಟದ ದಿನದಿಂದ ಅಪ್ಪ ಮಗಳ ನಡುವೆ ಮಾತಿಲ್ಲ ಎಂದು ಅಕ್ಕ ಬಾಗಿಲಲ್ಲೇ ಪಿಸುಗುಟ್ಟಿದ್ದಳು.

ಸ್ವಲ್ಪ ಹೊತ್ತು ಅತ್ತಿಂದಿತ್ತ ಓಡಾಡಿ ಭಾವ, "ನಮ್ಮ ಸೆನೆಟರ್ ಆಫೀಸಿನ ನಂಬರ್ ಹುಡುಕಮ್ಮ," ಎಂದರು.

ಅವಳು ಏನೂ ಕೇಳದೆ ಹುಡುಕಿ ಲ್ಯಾಪ್‌ಟಾಪನ್ನು ಅವರ ಕಡೆ ತಿರುಗಿಸಿದಳು. ನಮ್ಮ ರಾಜ್ಯದಿಂದ ಮೇಲ್ಮನೆಯಲ್ಲಿದ್ದ ಆ ಸೆನೆಟರ್ ಮೊದಲಿನಿಂದಲೂ ಕಾನೂನಿನ ಪರ ಇದ್ದವರು. ಆಗಲೇ ಒಪ್ಪಿರುವವರನ್ನು ಒಪ್ಪಿಸಲು ಹೊರಟದ್ದು ಭಾವನ ವಾದಜೀವನದಲ್ಲಿ ಅದೇ ಮೊದಲು. ಫೋನಿನಲ್ಲಿ ಸಿಕ್ಕಿದವಳು ಕಚೇರಿಯ ಯಾರೋ ಹುಡುಗಿ. ಭಾವ ಎದ್ದು ನಿಂತು, ಇಂಗ್ಲಿಷಿನಲ್ಲೇ ಆದರೂ ಸಭೆಗೆ ವಂದಿಸುವ ಧಾಟಿಯಲ್ಲಿ ಶುರುಮಾಡಿದರು. ಅವಳು ನಡುವೆ ತಡೆದು, ನೀವು ರದ್ದತಿಯ ಪರವೋ ವಿರೋಧವೋ ಎಂದು ಕೇಳಿರಬೇಕು. ವಿರೋಧ ಎಂದರು. ಕಾರಣ ಹೇಳಲು ಇಷ್ಟವಿದೆಯೇ ಎಂದು ಕೇಳಿರಬೇಕು. ಭಾವ ಕಿಟಕಿಯ ಕಡೆ ತಿರುಗಿದರು. ನನ್ನ ಮಗಳು ಎಂದರು. ಆಮೇಲೆ ಕಾಯಿಲೆಯ ಹೆಸರು ಹೇಳಿದರು. ಆ ಹೆಸರನ್ನು ನಾನು ಅವರ ಬಾಯಲ್ಲಿ ಎಂದೂ ಕೇಳಿರಲಿಲ್ಲ. ಮನೆಯಲ್ಲಿ ಅದನ್ನು 'ಅದು' ಅನ್ನುತ್ತಿದ್ದರು. ಇಷ್ಟು ವರ್ಷ ಒಟ್ಟಿಗೆ ಉಂಡ ಜನರ ಮುಂದೆ ಹೊರಡದ ಮಾತು, ಗುರುತು ಪರಿಚಯವಿಲ್ಲದ ಹುಡುಗಿಯ ಹತ್ತಿರ ಹೊರಟಿತು. ಅದಕ್ಕೂ ನನಗೆ ಸಿಟ್ಟೇ ಬಂತು, ಸುಳ್ಳು ಯಾಕೆ ಹೇಳಲಿ.

ಆಚೆಯಿಂದ ಇನ್ನೇನೋ ಪ್ರಶ್ನೆ ಬಂತು. ವಿಮೆಯಿಲ್ಲದ ತಿಂಗಳುಗಳಲ್ಲಿ ಅವಳು ಹೇಗೆ ನಿಭಾಯಿಸಿದಳು ಎಂದಿರಬಹುದು. ಭಾವ ಫೋನನ್ನು ಮಗಳ ಕಡೆ ಚಾಚಿದರು.

"ನೀನೇ ಹೇಳಮ್ಮ. ನಂಗೆ ಗೊತ್ತಿಲ್ಲ."

ಅವಳು ಫೋನು ತೆಗೆದುಕೊಂಡಳು. ತನ್ನ ಇಂಗ್ಲಿಷಿನಲ್ಲಿ, ಯಾವ ಆವೇಶವೂ ಇಲ್ಲದೆ ಹೇಳತೊಡಗಿದಳು. ಆ ದಿನಗಳಲ್ಲಿ ಡ್ರಿಪ್‌ನ ಅಪಾಯಿಂಟ್‌ಮೆಂಟುಗಳನ್ನು ತಾನೇ ಕ್ಯಾನ್ಸಲ್ ಮಾಡುತ್ತಿದ್ದಳಂತೆ. ಡಾಕ್ಟರೇ ಮುಂದಕ್ಕೆ ಹಾಕಿದರು ಎಂದು ಮನೆಯಲ್ಲಿ ಹೇಳುತ್ತಿದ್ದಳಂತೆ. ಚಿಕಿತ್ಸೆಯ ಖರ್ಚಿಗೆಂದು ಅಪ್ಪ ಮನೆ ಮಾರುವ ಮಾತನ್ನು ಅಮ್ಮನ ಹತ್ತಿರ ಆಡಿದ್ದು ಅವಳ ಕಿವಿಗೆ ಬಿದ್ದಿತ್ತಂತೆ.

ಒಲೆಯ ಮುಂದೆ ನಿಂತಿದ್ದ ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಭಾವ ಕುರ್ಚಿ ಎಳೆದುಕೊಂಡು ಮಗಳ ಎದುರಿಗೆ ಕೂತು, ಒಂದು ಮಾತಿಗೂ ಅಡ್ಡ ಬರದೆ ಕೇಳಿಸಿಕೊಳ್ಳುತ್ತಿದ್ದರು. ಅವಳಿಗೆ ಹೇಳುವುದು ಇನ್ನೂ ಬಹಳ ಇತ್ತು.