ಕೆಡ್ಡಸದ ದಿನ ಟೈಗರ್ ತಿರುಗಿ ಬಂದದ್ದು

ನಾನು ಚಿಕ್ಕವನಿದ್ದಾಗ ಹೀಗೇ ನಡೆಯಿತು ಎಂದು ಗಟ್ಟಿಯಾಗಿ ಹೇಳಿಬಿಡಲು ನನಗೆ ಧೈರ್ಯ ಸಾಲದು. ಆಗ ನನಗೆ ಹತ್ತು ವರ್ಷವೋ ಹನ್ನೊಂದೋ. ಈ ಕಥೆಯನ್ನು ಎಷ್ಟು ಸಲ ಹೇಳಿದ್ದೇನೆಂದರೆ, ಈಗ ನನಗೆ ನೆನಪಾಗುವುದು ಆ ದಿನವೋ ಅಥವಾ ಹಿಂದಿನ ಸಲ ಹೇಳಿದ ಕಥೆಯೋ ಎಂಬುದೇ ತಿಳಿಯುವುದಿಲ್ಲ. ವಿಟ್ಲದಲ್ಲಿರುವ ಅಕ್ಕನನ್ನು ಕೇಳಿದರೆ ಅವಳದ್ದು ಬೇರೆಯೇ ಕಥೆ. ಅದರಲ್ಲಿ ಬುದ್ಧಿವಂತಿಕೆಯೆಲ್ಲ ಅವಳದ್ದು, ಅಳುವುದು ಮಾತ್ರ ನಾನು. ಹಾಗಾಗಿ ಮೊಮ್ಮಕ್ಕಳೇ, ಎಲ್ಲಿ ಅನುಮಾನವಿದೆಯೋ ಅಲ್ಲಿ ಅನುಮಾನ ಎಂದೇ ಹೇಳುತ್ತೇನೆ. ಇನ್ನೊಂದು ವಿಷಯ. ನಮ್ಮ ಮನೆಯಲ್ಲಿ ಎಲ್ಲರೂ ಮಾತನಾಡುತ್ತಿದ್ದದ್ದು ತುಳು. ಇಲ್ಲಿ ಬರುವ ಮಾತುಗಳನ್ನು ನಾನು ಕನ್ನಡಕ್ಕೆ ತಂದಿದ್ದೇನೆ. ಆದ್ದರಿಂದ ಅವೂ ಪೂರ್ತಿ ಅವರವಲ್ಲ.

ನಾಯಿಯ ಬಗ್ಗೆ ಮಾತ್ರ ಅನುಮಾನವಿಲ್ಲ. ಕಪ್ಪು ಮರಿ, ಎದೆಯ ಮೇಲೆ ಅಂಗೈಯಗಲದ ಬಿಳಿ ಮಚ್ಚೆ, ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿಕೊಂಡಿತ್ತು. ಬೆಳ್ತಂಗಡಿಯ ಆಚೆ ಇದ್ದ ಮಾವ, ಅಂದರೆ ಅಮ್ಮನ ಅಣ್ಣ, ಅದನ್ನು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಎರಡು ಬಸ್ಸು ಬದಲಿಸಿ ನಮ್ಮಲ್ಲಿಗೆ ತಂದಿದ್ದರು. ಚೀಲದಿಂದ ಹೊರಗೆ ತೆಗೆದಾಗ ಅದರ ಮೈಯೆಲ್ಲ ಡೀಸೆಲ್ ವಾಸನೆ. ನಾನು ಟೈಗರ್ ಎಂದು ಹೆಸರಿಟ್ಟೆ. ಅದೇ ಸಂಜೆ ನಮ್ಮ ಹುಂಜ ರೆಕ್ಕೆ ಬಡಿದದ್ದಕ್ಕೆ ಹೆದರಿ ಟೈಗರ್ ಒಲೆಯ ಹಿಂದೆ ಅಡಗಿತು. ಅಕ್ಕ ಎರಡು ದಿನ ನಕ್ಕಳು.

ಮಾವ ಬೇಟೆಯಲ್ಲಿ ಹೆಸರಾದವರು. ಚಳಿ ಕಳೆಯುವ ಹೊತ್ತಿಗೆ ನಮ್ಮ ಕಡೆ ಕೆಡ್ಡಸ ಬರುತ್ತದೆ. ಆ ಮೂರು ದಿನ ಭೂಮಿತಾಯಿಗೆ ವಿಶ್ರಾಂತಿ. ನೆಲಕ್ಕೆ ಹಾರೆ ತಾಗಿಸುವ ಹಾಗಿಲ್ಲ, ಹಸಿ ಗಿಡ ಕಡಿಯುವ ಹಾಗಿಲ್ಲ. ಗದ್ದೆಯ ಕೆಲಸವಿಲ್ಲದ ಗಂಡಸರು ಗುಂಪು ಕಟ್ಟಿಕೊಂಡು ಗುಡ್ಡಕ್ಕೆ ಬೇಟೆಗೆ ಹೋಗುವುದು ಆಗಿನ ಪದ್ಧತಿ. ಪ್ರತಿ ವರ್ಷ ಕೆಡ್ಡಸಕ್ಕೆ ನಮ್ಮಲ್ಲಿಗೆ ಬರುತ್ತಿದ್ದ ಮಾವನೇ ನಮ್ಮ ಊರಿನ ಗುಂಪಿಗೆ ಮುಂದಾಳು. ಅವರ ಹೆಣ್ಣು ನಾಯಿ, ಟೈಗರಿನ ತಾಯಿ, ಆ ವರ್ಷದ ಕೆಡ್ಡಸದಲ್ಲಿ ಹಂದಿಯ ಕೋರೆಗೆ ಸಿಕ್ಕಿ ಸತ್ತಿತ್ತು.

ಮರಿಯನ್ನು ನನ್ನ ಕೈಗೆ ಕೊಡುವಾಗ ಮಾವ ಹೇಳಿದರು: "ಮುಂದೆ ಓಡುವ ನಾಯಿ ಎಲ್ಲಾ ಮನೆಯಲ್ಲೂ ಉಂಟು ಅಳಿಯ. ಕರೆದಾಗ ತಿರುಗಿ ಬರುವ ನಾಯಿ ಬೇಕು. ಇದರ ತಾಯಿಯನ್ನು ನಾನು ಮೂರು ಸಲ ಕರೆದೆ."

ಆಮೇಲೆ ಷರತ್ತು ಹಾಕಿದರು. ಬರುವ ಕೆಡ್ಡಸದ ಬೇಟೆಯಲ್ಲಿ, ಹಂದಿ ಎದುರಿಗಿದ್ದರೂ, ಕರೆದಾಗ ಟೈಗರ್ ತಿರುಗಿ ಬಂದರೆ ಅದು ನನ್ನದು. ಬಾರದಿದ್ದರೆ ಅದೇ ಸಂಜೆಯ ಬಸ್ಸಿನಲ್ಲಿ ಅದನ್ನು ಕೊಂಡುಹೋಗಿ ಘಟ್ಟದ ಬುಡದ ಒಂದು ತೋಟದಲ್ಲಿ ಕಾವಲಿಗೆ ಕಟ್ಟಿಹಾಕಿಸುವುದು. ಸರಪಳಿಯಲ್ಲಿದ್ದರೂ ಬದುಕಿರುತ್ತದಲ್ಲ, ಎಂಬುದು ಅವರ ಲೆಕ್ಕ.

ನಾನು ಮಳೆಗಾಲವಿಡೀ ಕಲಿಸಿದೆ. ನಮ್ಮ ಊರಿನಲ್ಲಿ ಎರಡು ಗುಡ್ಡಗಳ ನಡುವೆ ಉದ್ದಕ್ಕೆ ಗದ್ದೆ; ಮನೆಗಳೆಲ್ಲ ಆ ಕಡೆ ಈ ಕಡೆ ಗುಡ್ಡದ ಇಳಿಜಾರಿನಲ್ಲಿ, ಒಂದರಿಂದ ಒಂದು ದೂರ. ಯಾರನ್ನಾದರೂ ಕರೆಯಬೇಕಿದ್ದರೆ ಅಂಗಳದ ತುದಿಯಲ್ಲಿ ನಿಂತು, ಕೈಗಳನ್ನು ಬಾಯಿಗೆ ಅಡ್ಡ ಹಿಡಿದು, ಉದ್ದಕ್ಕೆ "ಕೂ" ಎಂದು ಕೂಗುತ್ತಿದ್ದರು. ನಾನೂ ಹಾಗೇ ಕೂ ಹಾಕಿದೆ. ಟೈಗರ್ ಬಂದಾಗ ಒಣ ಬಂಗುಡೆ ಮೀನಿನ ತಲೆ ಕೊಟ್ಟೆ. ನನ್ನ ಅಂಗಿಯ ಕಿಸೆಗೆ ಎಂಥ ವಾಸನೆ ಹಿಡಿಯಿತೆಂದರೆ ಶಾಲೆಯಲ್ಲಿ ನನ್ನ ಬೆಂಚಿನಲ್ಲಿ ಯಾರೂ ಕೂರುತ್ತಿರಲಿಲ್ಲ. ಆದರೆ ನಾಯಿ ಕಲಿಯಿತು. ದೀಪಾವಳಿಯ ಹೊತ್ತಿಗೆ ಹತ್ತು ಸಲ ಕೂ ಹಾಕಿದರೆ ಹತ್ತೂ ಸಲ ಬರುತ್ತಿತ್ತು. ದನದ ಹಟ್ಟಿಯ ಗೋಡೆಯ ಮೇಲೆ ಮಸಿಯಿಂದ ಗೀಟು ಹಾಕಿ ಲೆಕ್ಕ ಇಟ್ಟಿದ್ದೆ.

ಒಂದು ಸಂಜೆ ಗದ್ದೆಯ ಆಚೆ ಬದಿಯ ಮನೆಯ ಅಣ್ಣ ತನ್ನ ತಮ್ಮನನ್ನು ಕರೆಯಲು ಕೂ ಹಾಕಿದ. ನನ್ನ ಪಕ್ಕದಲ್ಲಿ ಮಲಗಿದ್ದ ಟೈಗರ್ ಬಾಣದ ಹಾಗೆ ಗದ್ದೆಗೆ ಇಳಿದು ಆಚೆ ಓಡಿತು. ಅಲ್ಲಿ ಅದಕ್ಕೆ ಏನೋ ತಿನ್ನಲು ಸಿಕ್ಕಿರಬೇಕು. ಅಷ್ಟರಲ್ಲಿ ಮೇಲಿನ ಮನೆಯಿಂದ ಇನ್ನೊಂದು ಕೂ. ಅಲ್ಲಿಗೂ ಹೋಯಿತು. ದೀಪ ಹಚ್ಚುವ ಹೊತ್ತಿಗೆ ಹೊಟ್ಟೆ ಉಬ್ಬಿಸಿಕೊಂಡು ಮನೆಗೆ ಬಂತು.

"ಇಡೀ ಊರಿಗೆ ಒಂದು ನಾಯಿ ಮಾಡಿ ಕೊಟ್ಟಿದ್ದೀಯಲ್ಲಾ ಮಾರಾಯ," ಎಂದಳು ಅಕ್ಕ. "ಇನ್ನು ಪಂಚಾಯತಿನವರು ಇದಕ್ಕೆ ಗಂಜಿ ಹಾಕಲಿ."

ನನಗೆ ನಗು ಬರಲಿಲ್ಲ. ಬೇಟೆಯ ದಿನ ಗುಡ್ಡದ ಮೂರು ಕಡೆಯಿಂದಲೂ ಗಂಡಸರು ಒಬ್ಬರಿಗೊಬ್ಬರು ಕೂ ಹಾಕುತ್ತಲೇ ಇರುತ್ತಾರೆ. ಇದು ಎಲ್ಲರ ಹತ್ತಿರವೂ ಓಡುತ್ತದೆ, ನನ್ನ ಹತ್ತಿರ ಮಾತ್ರ ಬರುವುದಿಲ್ಲ. ಇಷ್ಟು ತಿಂಗಳು ನಾನು ಕಷ್ಟಪಟ್ಟು ಕಲಿಸಿದ್ದು ಅದನ್ನು ಕಳೆದುಕೊಳ್ಳುವ ವಿದ್ಯೆಯನ್ನು.

ಬೇರೆ ಸದ್ದು ಹುಡುಕಬೇಕಾಯಿತು. ಚಪ್ಪಾಳೆ ತಟ್ಟಿದೆ, ಅದು ಮಂಗಗಳನ್ನು ಓಡಿಸುವ ಸದ್ದು, ಟೈಗರ್ ಮಂಗ ಎಲ್ಲಿ ಎಂದು ಮರಗಳನ್ನು ನೋಡಿತು. ಡಬ್ಬಿ ಬಡಿದರೆ ಹೆದರಿ ಓಡಿತು. ಆಮೇಲೆ ಸಿಕ್ಕಿದ್ದು ತೋಟೆ. ಹಂದಿಗಳಿಂದ ಗದ್ದೆ ಕಾಯಲು ಅಪ್ಪನ ಬಳಿ ಪರವಾನಗಿಯ ಒಂದು ಹಳೆ ಕೋವಿ ಇತ್ತು. ಅದಕ್ಕೆ ಮದ್ದು ತುಂಬುವ ಹಿತ್ತಾಳೆಯ ಗಿಡ್ಡ ಕೊಳವೆಯೇ ತೋಟೆ. ಖಾಲಿಯಾದವನ್ನು ಅಪ್ಪ ಮತ್ತೆ ತುಂಬಲು ಒಂದು ತಗಡಿನ ಪೆಟ್ಟಿಗೆಯಲ್ಲಿ ಇಡುತ್ತಿದ್ದರು. ಅದರಿಂದ ಒಂದನ್ನು ಕದ್ದು ತುಟಿಗಿಟ್ಟು ಊದಿದ್ದು ನಾನು. ಅಕ್ಕನ ಪ್ರಕಾರ ಅವಳು. ಇದಕ್ಕೆ ಸಾಕ್ಷಿಯಿಲ್ಲ. ಸದ್ದು ಮಾತ್ರ ಇಬ್ಬರಿಗೂ ಒಂದೇ ರೀತಿ ನೆನಪಿದೆ: ಮಿಂಚುಳ್ಳಿ ಕೂಗಿದ ಹಾಗೆ, ತೆಳ್ಳಗೆ, ಚೂಪಾಗಿ.

ಆ ಸದ್ದು ಕೇಳಿ ಅಪ್ಪ ಹೊರಗೆ ಬಂದರು. ಬೈಗುಳ ಬಿತ್ತೆಂದೇ ತಿಳಿದೆ. ಅವರು ತೋಟೆಯನ್ನು ತೆಗೆದುಕೊಂಡು, ಪಂಚೆಯ ತುದಿಯಿಂದ ಮಸಿ ಒರೆಸಿ, ಕೆಳತುಟಿಯ ಮೇಲೆ ಓರೆಯಾಗಿ ಹಿಡಿದು ಹೇಗೆ ಊದಬೇಕೆಂದು ತೋರಿಸಿಕೊಟ್ಟರು. ನನ್ನ ಸದ್ದಿಗಿಂತ ಅವರದ್ದು ಎರಡು ಪಟ್ಟು ದೊಡ್ಡದಿತ್ತು.

ಮತ್ತೆ ಬಂಗುಡೆ ತಲೆ, ಮತ್ತೆ ಗೀಟುಗಳು. ನಡುವೆ ನಾನೊಂದು ತಪ್ಪು ಮಾಡಿದೆ. ಒಂದು ದಿನ ಎಷ್ಟು ಊದಿದರೂ ಟೈಗರ್ ಬರಲಿಲ್ಲ. ಕೋಳಿಗಳ ಹಿಂದೆ ಬಿದ್ದಿತ್ತು. ಬಹಳ ಹೊತ್ತಿನ ಮೇಲೆ ಬಾಲ ಅಲ್ಲಾಡಿಸುತ್ತಾ ಬಂದಾಗ ಸಿಟ್ಟಿನಿಂದ ಬೆತ್ತದಲ್ಲಿ ಒಂದು ಕೊಟ್ಟೆ. ಮರುದಿನ ಊದಿದರೆ ಅದು ಹತ್ತು ಮಾರು ದೂರದಲ್ಲೇ ನಿಂತಿತು. ನನ್ನ ಮುಖ ನೋಡಿತು, ಕೈ ನೋಡಿತು, ಹತ್ತಿರ ಬರಲೇ ಇಲ್ಲ.

ಜಗಲಿಯಲ್ಲಿ ಕೂತಿದ್ದ ಅಪ್ಪ ಅಡಿಕೆ ಜಗಿಯುತ್ತಾ ಹೇಳಿದರು: "ತಡವಾಗಿ ಬಂದದ್ದಕ್ಕೆ ನೀನು ಹೊಡೆದದ್ದು. ಬಂದದ್ದಕ್ಕೆ ಪೆಟ್ಟು ಬಿತ್ತು ಅಂತ ಅದಕ್ಕೆ ಗೊತ್ತಾದದ್ದು."

ಅದನ್ನು ಸರಿಪಡಿಸಲು ಒಂದು ವಾರ ಬೇಕಾಯಿತು. ದಿನವೂ ಅಂಗಳದ ನಡುವೆ ಕೈ ಖಾಲಿ ಇದೆಯೆಂದು ತೋರಿಸಿ ನೆಲದ ಮೇಲೆ ಕೂರುತ್ತಿದ್ದೆ. ಅದು ಮೊದಲು ಐದು ಮಾರು, ಆಮೇಲೆ ಎರಡು. ಕೊನೆಗೊಂದು ಬೆಳಿಗ್ಗೆ ಬಂದು ಮಡಚಿದ ಕಿವಿಯನ್ನು ನನ್ನ ಮೊಣಕಾಲಿಗೆ ಒರೆಸಿತು. ಆಗ ನಾನು ಅತ್ತದ್ದು ನಿಜ. ಅಕ್ಕನ ಕಥೆಯಲ್ಲಿ ಅಷ್ಟು ಭಾಗ ಸರಿ.

ಕೆಡ್ಡಸ ಬಂತು. ಅಮ್ಮ ಅಕ್ಕಿ ಹುರಿದು, ಹಿಟ್ಟು ಮಾಡಿ, ಬೆಲ್ಲ ತೆಂಗಿನಕಾಯಿ ಕಲಸಿ ನನ್ನೆರಿ ಮಾಡಿದ್ದರು. ಮನೆಯೆಲ್ಲ ಹುರಿದ ಅಕ್ಕಿಯ ಪರಿಮಳ. ಮಾವ ಹಿಂದಿನ ದಿನವೇ ಬಂದಿದ್ದರು. ಕೊಯ್ಲು ಮುಗಿದು ಒಣಗಿದ ಗದ್ದೆಯಲ್ಲಿ ಹದಿನೈದು ಇಪ್ಪತ್ತು ಮಂದಿ, ಆರೇಳು ನಾಯಿಗಳು ಸೇರಿದವು. ಮಾವ ಟೈಗರಿನ ಬಾಯಿ ಬಿಡಿಸಿ ಹಲ್ಲು ನೋಡಿದರು, ಕಾಲು ಒತ್ತಿ ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಹುಂಜಕ್ಕೆ ಹೆದರುವುದು ನಿಂತಿತಾ?" ಎಂದು ಕೇಳಿದರು. ಎಲ್ಲರೂ ನಕ್ಕರು. "ಬಸ್ಸು ಐದು ಗಂಟೆಗೆ ಉಂಟು ಅಳಿಯ. ಚೀಲ ತಂದಿದ್ದೇನೆ. ಆದರೆ ಈಗ ಇದು ಚೀಲದಲ್ಲಿ ಹಿಡಿಯುವುದಿಲ್ಲ."

ನನಗೆ ಗುಡ್ಡದ ನಡುವೆ ಒಂದು ದೊಡ್ಡ ಪಾದೆಕಲ್ಲಿನ ಮೇಲೆ ಅಪ್ಪನ ಜೊತೆ ಜಾಗ. ಕೆಳಗೆ ಒಂದು ಕಣಿವೆ, ಅದರ ತುಂಬ ಮುಳ್ಳಿನ ಪೊದೆ. ಮಾವ ಕಣಿವೆಯ ಬಾಯಿಯಲ್ಲಿ, ಅವರಿಂದ ಸ್ವಲ್ಪ ದೂರದಲ್ಲಿ ಆಚೆಮನೆಯ ಅಣ್ಣ. ಉಳಿದವರು ಸುತ್ತಲೂ. ಬೆಳಿಗ್ಗೆ ಒಂದು ಮೊಲ ಬಿತ್ತು. ಬಿಸಿಲು ಏರಿತು. ಕಲ್ಲು ಕಾದು ಕುಂಡೆ ಸುಡತೊಡಗಿತು. ಹಸಿವಾಗಿ ನಾನು ಕಿಸೆಯ ನನ್ನೆರಿಯನ್ನು ಒಂದು ದೊಡ್ಡ ಮುಷ್ಟಿ ಬಾಯಿಗೆ ತುಂಬಿಕೊಂಡೆ.

ಆಗಲೇ ಕಣಿವೆಯಲ್ಲಿ ನಾಯಿಗಳ ಬೊಗಳು ಬದಲಾಯಿತು. ಹಂದಿ ಎದ್ದಿತ್ತು. ಗಂಡು ಹಂದಿ, ಬೆನ್ನಿನ ಕೂದಲು ಸೆಟೆದು ನಿಂತದ್ದು ಮೇಲಿನಿಂದ ಕಾಣಿಸಿತು. ಅದು ಓಡಲಿಲ್ಲ. ಹಿಂಬದಿಯನ್ನು ಬಂಡೆಗೆ ಒತ್ತಿ, ಮುಖ ಮುಂದೆ ಮಾಡಿ ನಿಂತಿತು. ಹಳೆಯ ನಾಯಿಗಳು ದೂರದಲ್ಲಿ ನಿಂತು ಬೊಗಳಿದವು. ಟೈಗರ್ ಒಂದೇ ಒಳಗೆ ನುಗ್ಗಿತು. ಮಾವ ಕೋವಿ ಎತ್ತಿದರು, ಮತ್ತೆ ಇಳಿಸಿದರು. ಗುಂಡು ಹಾರಿಸಿದರೆ ನಾಯಿಗೇ ತಾಗುತ್ತಿತ್ತು. ಮೂರು ಕಡೆಯಿಂದಲೂ ಕೂ, ಕೂ ಎಂಬ ಕೂಗು ಎದ್ದಿತು. ಹಂದಿ ತಲೆ ಒಮ್ಮೆ ಬೀಸಿತು. ಟೈಗರ್ ಪಕ್ಕಕ್ಕೆ ಹಾರಿ ಮತ್ತೆ ಮುಂದೆ ಹೋಯಿತು.

"ಈಗ ಊದು," ಎಂದರು ಅಪ್ಪ.

ನಾನು ತೋಟೆಯನ್ನು ತುಟಿಗಿಟ್ಟೆ. ಸದ್ದು ಬರಲಿಲ್ಲ, ಹಿಟ್ಟು ಹಾರಿತು. ಬಾಯಿ ತುಂಬ ಒಣ ನನ್ನೆರಿ. ನುಂಗಲು ಹೋದರೆ ಗಂಟಲಿಗೆ ಅಂಟಿಕೊಂಡಿತು, ಕೆಮ್ಮು ಬಂತು, ಕಣ್ಣಲ್ಲಿ ನೀರು ಬಂತು. ಮತ್ತೆ ಊದಿದೆ. ಬರೀ ಗಾಳಿ. ಕೆಳಗೆ ಹಂದಿ ಎರಡನೇ ಸಲ ತಲೆ ಬೀಸಿತು. ಆಗ ಯಾರೋ ನನ್ನ ಬಾಯಿಗೆ ನೀರು ಹೊಯ್ದರು. ನನ್ನ ನೆನಪಿನಲ್ಲಿ ಅದು ಅಪ್ಪನ ಕೈ. ಅಕ್ಕ ಹೇಳುವುದು, ಚೆಂಬು ಹಿಡಿದು ಹಿಂದಿನಿಂದ ಹತ್ತಿ ಬಂದದ್ದು ತಾನು, ಬೇಟೆಗೆ ಹುಡುಗಿಯರು ಬರಬಾರದೆಂದು ಅಪ್ಪ ಆಮೇಲೆ ಬೈದದ್ದೂ ನೆನಪುಂಟು ಎಂದು. ಇರಬಹುದು. ನಾನು ನೀರನ್ನು ಮುಕ್ಕಳಿಸಿ ಉಗಿದು, ತುಟಿ ಒರೆಸಿ, ಅಪ್ಪ ತೋರಿಸಿದ ಹಾಗೆ ತೋಟೆಯನ್ನು ಓರೆಯಾಗಿ ಹಿಡಿದು ಊದಿದೆ.

ಆ ತೆಳ್ಳಗಿನ ಸದ್ದು ಕೂಗುಗಳ ನಡುವಿನಿಂದ ದಾರದ ಹಾಗೆ ಕೆಳಗಿಳಿಯಿತು. ಟೈಗರಿನ ನೆಟ್ಟಗಿನ ಕಿವಿ ತಿರುಗಿದ್ದನ್ನು ನಾನು ಕಂಡೆ. ಅಷ್ಟು ದೂರದಿಂದ ಕಂಡೆನೇ? ಕಂಡೆನೆಂದೇ ಅನಿಸುತ್ತದೆ. ಅದು ಹಂದಿಯ ಮುಖದಿಂದ ಹಿಂದೆ ಸರಿಯಿತು, ತಿರುಗಿತು, ಪೊದೆಯಿಂದ ಹೊರಗೆ ಬಂತು. ಬಲಗಡೆಯಿಂದ ಒಂದು ಕೂ ಬಂತು, ಹೋಗಲಿಲ್ಲ. ಎಡಗಡೆಯಿಂದ ಬಂತು, ಅಲ್ಲಿಗೂ ಹೋಗಲಿಲ್ಲ. ದಾರಿಯಲ್ಲಿ ಮಾವ ಕೋವಿಯನ್ನು ನೆಲಕ್ಕಿಟ್ಟು, ಕುಕ್ಕರಗಾಲಿನಲ್ಲಿ ಕೂತು, ಕೈ ಚಾಚಿ ಅದನ್ನು ಕರೆದರು. ಟೈಗರ್ ಆ ಕೈಯ ಪಕ್ಕದಿಂದಲೇ ದಾಟಿ, ಗುಡ್ಡ ಹತ್ತಿ ಬಂದು, ನನ್ನ ಕಾಲ ಬಳಿ ಕೂತಿತು. ಮೈಮೇಲೆ ಮುಳ್ಳಿನ ಗೀರು ಬಿಟ್ಟರೆ ಬೇರೆ ಗಾಯವಿಲ್ಲ. ನನ್ನ ಕಿಸೆಯಲ್ಲಿ ಬಂಗುಡೆ ತಲೆ ಇರಲಿಲ್ಲ. ಉಳಿದ ನನ್ನೆರಿಯನ್ನೆಲ್ಲ ಅಂಗೈಯಲ್ಲಿ ಸುರಿದುಕೊಟ್ಟೆ. ಅದೂ ಕೆಮ್ಮಿತು.

ಆ ಗಡಿಬಿಡಿಯಲ್ಲಿ ಹಂದಿ ಬಂಡೆಯ ಸಂದಿಯಿಂದ ನುಸುಳಿ ಗುಡ್ಡ ದಾಟಿ ಹೋಯಿತು. ಕೆಲವರು ಗೊಣಗಿದರು, ಇಡೀ ದಿನದ ಬೇಟೆ ಹಾಳಾಯಿತೆಂದು. ಮಾವ ನಿಧಾನವಾಗಿ ಪಾದೆಕಲ್ಲು ಹತ್ತಿ ಬಂದರು. ಟೈಗರಿನ ಹೊಟ್ಟೆ, ಎದೆ, ತೊಡೆಗಳನ್ನೆಲ್ಲ ಕೈಯಿಂದ ಸವರಿ ನೋಡಿದರು.

"ಹಂದಿ ಹೋಗಲಿ," ಎಂದರು. "ನಾಯಿ ಬಂತಲ್ಲ. ಇವತ್ತಿನ ಬೇಟೆ ನಮ್ಮ ಅಳಿಯನದ್ದು."

ಬೇಟೆಯಲ್ಲಿ ನಾಯಿಗೂ ಒಂದು ಪಾಲು ಇಡುವುದು ಕ್ರಮ. ಇದ್ದದ್ದು ಒಂದೇ ಮೊಲ. ಮಾವ ಅದರ ಮೊದಲ ತುಂಡನ್ನು ಎಲೆಯಲ್ಲಿಟ್ಟು, ಎಲ್ಲರ ಎದುರಿಗೆ ಟೈಗರಿನ ಮುಂದೆ ಇಟ್ಟರು. ಆಮೇಲೆ ಅದೇ ಗೊಣಗುತ್ತಿದ್ದವರು ನನ್ನನ್ನು ಹೆಗಲ ಮೇಲೆ ಹೊತ್ತುಕೊಂಡು ಗದ್ದೆಗೆ ಇಳಿದರು. ಹೆಗಲಿನ ಮೇಲಿಂದ ನಮ್ಮ ಗದ್ದೆ ಎಷ್ಟು ದೊಡ್ಡದಾಗಿ ಕಂಡಿತೆಂದರೆ, ಅದೆಲ್ಲವೂ ನನ್ನದೇ ಎನಿಸಿತು. ಸಂಜೆ ಐದರ ಬಸ್ಸಿಗೆ ಮಾವ ಖಾಲಿ ಚೀಲವನ್ನು ಮಡಚಿ ಕಂಕುಳಲ್ಲಿಟ್ಟು ಹೊರಟರು. ಟೈಗರ್ ನಮ್ಮ ಮನೆಯಲ್ಲಿ ಮುದಿಯಾಗಿ, ಹಲ್ಲು ಉದುರಿ, ಬಿಸಿಲಿನಲ್ಲಿ ಮಲಗಿಕೊಂಡೇ ಒಂದು ದಿನ ಸತ್ತಿತು.

ಈಗ ಬೇಟೆ ಕಾನೂನಿಗೆ ವಿರುದ್ಧ. ಅದು ಸರಿಯಾದ ಕಾನೂನು. ಓಡಿಹೋದ ಆ ಹಂದಿಯ ಮೇಲೆ ನನಗೆ ಈಗಲೂ ಪ್ರೀತಿ ಉಂಟು. ಆ ಕಣಿವೆಯಲ್ಲಿ ಈಗ ರಬ್ಬರ್ ಮರಗಳು ಸಾಲಾಗಿ ನಿಂತಿವೆ. ಊರಿನಲ್ಲಿ ಯಾರೂ ಕೂ ಹಾಕುವುದಿಲ್ಲ. ಮೂಡುಬಿದಿರೆಯ ನಿಮ್ಮ ಮನೆಯಲ್ಲಿ ಮಹಡಿಯಿಂದ ಕೆಳಗಿನವರನ್ನು ಊಟಕ್ಕೆ ಕರೆಯಲು ಕೂಡ ಮೊಬೈಲಿನಲ್ಲಿ ಮೆಸೇಜು ಕಳುಹಿಸುತ್ತೀರಿ. ನಿಮ್ಮ ನಾಯಿಗೆ ಚುಚ್ಚುಮದ್ದಿನ ಪುಸ್ತಕವಿದೆ, ಚಳಿಗೆ ಅಂಗಿಯಿದೆ. ಫ್ರಿಜ್ಜಿನ ಬಾಗಿಲು ತೆರೆದರೆ ಎಲ್ಲಿದ್ದರೂ ಓಡಿ ಬರುತ್ತದೆ. ಯಾರು ತೆರೆದರೂ ಬರುತ್ತದೆ. ಆದರೆ ಅದಕ್ಕೆ ಹಂದಿಯ ಭಯವಿಲ್ಲ, ನಿಮಗೆ ಐದು ಗಂಟೆಯ ಬಸ್ಸಿನ ಭಯವಿಲ್ಲ. ಅದು ಒಳ್ಳೆಯದೇ.

ಕಾಲೇಜಿನ ಪ್ರಯೋಗಾಲಯದಲ್ಲಿ ಪಾಠ ಮಾಡುವಾಗ ವರ್ಷಗಟ್ಟಲೆ ನಾನು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದ ಮಾತೊಂದಿದೆ: ಫಲಿತಾಂಶ ನಿಮಗೆ ತುಂಬ ಇಷ್ಟವಾಗುವಂತಿದ್ದರೆ ಇನ್ನೊಮ್ಮೆ ಅಳೆದು ನೋಡಿ. ಈ ಕಥೆಯಲ್ಲಿ ನನಗೆ ತುಂಬ ಇಷ್ಟವಾದದ್ದು ಟೈಗರ್ ಮಾವನ ಕೈಯನ್ನು ದಾಟಿ ನನ್ನ ಬಳಿಗೆ ಬಂದದ್ದು. ಅದಕ್ಕೇ ಅದರ ಮೇಲೆ ನನಗೆ ಹೆಚ್ಚು ಸಂಶಯ. ಹೆಮ್ಮೆಗಾಗಿ ನಾನೇ ಸೇರಿಸಿದ್ದು ಎಂದು ಎಷ್ಟೋ ವರ್ಷ ಅಂದುಕೊಂಡಿದ್ದೆ.

ಕಳೆದ ಬೇಸಿಗೆಯಲ್ಲಿ ಪಾಣೆಮಂಗಳೂರಿಗೆ ಹೋದೆ. ಆಚೆಮನೆಯ ಅಣ್ಣ ಈಗ ಅಲ್ಲಿ ಮಗನ ಜೊತೆ ಇದ್ದಾರೆ. ಕಿವಿ ಮಂದ, ನೆನಪು ಗಟ್ಟಿ. ನಾನು ಬೇಕೆಂದೇ ನಾಯಿಯ ಮಾತೆತ್ತಲಿಲ್ಲ, ಮಾವನ ಮಾತೂ ಎತ್ತಲಿಲ್ಲ. ಹಂದಿ ತಪ್ಪಿಸಿಕೊಂಡ ಕೆಡ್ಡಸ ನೆನಪುಂಟಾ ಎಂದಷ್ಟೇ ಕೇಳಿದೆ. ನೀರು ಕೊಟ್ಟದ್ದು ಯಾರೆಂದು ಅವರಿಗೆ ಗೊತ್ತಿರಲಿಲ್ಲ. ಅವರು ನಿಂತಲ್ಲಿಗೆ ಪಾದೆಕಲ್ಲು ಕಾಣುತ್ತಿರಲಿಲ್ಲ. ಅವರ ಕಣ್ಣೆದುರು ಇದ್ದದ್ದು ಮಾವ.

"ನಿನ್ನ ಮಾವ ಕೋವಿ ನೆಲಕ್ಕಿಟ್ಟು, ಕೈ ಚಾಚಿಕೊಂಡು ಕೂತಿದ್ದರು," ಎಂದರು ಅವರು. "ನಾಯಿ ಒಮ್ಮೆ ಮೂಸಿಯೂ ನೋಡಲಿಲ್ಲ ತಮ್ಮ. ಸೀದಾ ಮೇಲೆ ಹೋಯಿತು."